ಮಂದದೃಷ್ಟಿಯ ಹಿರಿಯರಿಗೆ ಓದುವ ಸಾಧನಗಳು

(ಸಂಘದ ಕಾರ್ಯದರ್ಶಿಯವರಿಂದ)



ನಮ್ಮ ಸಂಘದ ಸದಸ್ಯರಲ್ಲಿ ಅರವತ್ತು ದಾಟಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ತೋಟದ ಜೊತೆಗೆ ತೋಟದ ಕಾಗದಪತ್ರಗಳೂ ಹಿರಿಯರ ಪಾಲಿಗೇ ಉಳಿದಿವೆ. ಪಹಣಿ, ಪಾಸ್ ಪುಸ್ತಕ, ಬೆಳೆಸಾಲದ ಕರಾರು, ಅಡಿಕೆಯ ತೂಕದ ಚೀಟಿ, ಕಾಫಿ ಕ್ಯೂರಿಂಗಿನ ಲೆಕ್ಕ, ವೈದ್ಯರ ಔಷಧಿ ಚೀಟಿ, ಇವೆಲ್ಲವೂ ಓದಿ ತಿಳಿಯಬೇಕಾದವುಗಳೇ. ಆದರೆ ಅಕ್ಷರ ಕಾಣದೆ, ‘ನೀವೇ ನೋಡಿ, ಎಲ್ಲಿ ಸಹಿ ಮಾಡಬೇಕು ಹೇಳಿ’ ಎನ್ನುವ ಹಿರಿಯ ಸದಸ್ಯರನ್ನು ಸಂಘದ ಕಛೇರಿಯಲ್ಲಿ ಕುಳಿತ ನಾವು ವಾರಕ್ಕೆ ನಾಲ್ಕಾರು ಮಂದಿಯನ್ನಾದರೂ ನೋಡುತ್ತೇವೆ. ಇವರು ಓದು ಬಾರದವರಲ್ಲ. ಐವತ್ತು ವರ್ಷ ತಮ್ಮ ಲೆಕ್ಕವನ್ನು ತಾವೇ ಬರೆದಿಟ್ಟುಕೊಂಡವರು, ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದವರು.

ಓದದೆ ಸಹಿ ಹಾಕುವುದರಿಂದ ಏನೇನು ಆಗಬಹುದೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಮೊತ್ತದಲ್ಲಿ ಒಂದು ಸೊನ್ನೆ ಹೆಚ್ಚಾದರೂ, ವಿಭಾಗ ಪತ್ರದಲ್ಲಿ ಒಂದು ಸರ್ವೆ ನಂಬರು ಬಿಟ್ಟುಹೋದರೂ ಅದನ್ನು ಸರಿಪಡಿಸಲು ವರ್ಷಗಟ್ಟಲೆ ಅಲೆಯಬೇಕು. ಔಷಧಿಯ ವಿಷಯದಲ್ಲಾದರೆ ಪ್ರಾಣಕ್ಕೇ ಕುತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಬೇಕಾದ ಸ್ಥಿತಿ ಸ್ವಾಭಿಮಾನದ ಮನುಷ್ಯನನ್ನು ಒಳಗಿಂದಲೇ ಕುಗ್ಗಿಸುತ್ತದೆ.

‘ವಯಸ್ಸಾಯಿತು, ಇನ್ನು ಇಷ್ಟೇ’ ಎಂದು ಕೈಚೆಲ್ಲುವುದು ನಮ್ಮಲ್ಲಿ ವಾಡಿಕೆ. ಆದರೆ ಕಣ್ಣಿನ ಶಕ್ತಿ ಬಹುಪಾಲು ಕುಂದಿದವರೂ ಸರಿಯಾದ ಸಾಧನ, ಸರಿಯಾದ ಬೆಳಕು ಮತ್ತು ಸ್ವಲ್ಪ ಅಭ್ಯಾಸದಿಂದ ತಮ್ಮ ಕಾಗದವನ್ನು ತಾವೇ ಓದಿಕೊಳ್ಳಲು ಸಾಧ್ಯವಿದೆ. ಇದರ ಬಗ್ಗೆ ಬೆಳೆಗಾರರಿಗೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

ಚಾಳೀಸು, ಪೊರೆ, ಮಂದದೃಷ್ಟಿ

ಮೊದಲು ಈ ಮೂರರ ವ್ಯತ್ಯಾಸ ತಿಳಿಯಬೇಕು. ನಲವತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಬರುವುದು ಚಾಳೀಸು. ಕಣ್ಣಿನೊಳಗಿನ ಮಸೂರ ಬಿರುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ಇದು ರೋಗವಲ್ಲ, ಓದುವ ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ. ನಲವತ್ತರಲ್ಲಿ ಸುಮಾರು 1 ಡಯಾಪ್ಟರಿನಿಂದ ಆರಂಭವಾಗುವ ಈ ಕನ್ನಡಕದ ಶಕ್ತಿ ಅರವತ್ತರ ಹೊತ್ತಿಗೆ ಸುಮಾರು 2.5ಕ್ಕೆ ಬಂದು ನಿಲ್ಲುತ್ತದೆ.

ಪೊರೆ ಎಂದರೆ ಅದೇ ಮಸೂರ ಮಂಜುಗಟ್ಟುವುದು. ಇದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ, ಹಾಗೂ ಅದು ಬಹುಮಟ್ಟಿಗೆ ಪೂರ್ಣ ಪರಿಹಾರ. ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ನಡೆಸುತ್ತಿದ್ದ ಸಾಮೂಹಿಕ ಕಣ್ಣಿನ ಶಿಬಿರಗಳನ್ನು ಕಂಡವರು ಅಥವಾ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೀಸೆಯ ತಳದಷ್ಟು ದಪ್ಪದ ಕನ್ನಡಕ ಹಾಕಬೇಕಿತ್ತು. ಅದು ಒಡೆದರೆ ಮತ್ತೆ ಕತ್ತಲೆ. ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುವ ವಿಧಾನವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲೇ ಆರಂಭಿಸಿದ್ದರೂ ಅದು ನಮ್ಮ ಬಡವರ ಕೈಗೆಟುಕಿದ್ದು ಬಹಳ ತಡವಾಗಿ. 1992ರಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಅರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆಯಲ್ಲಿ ಮಸೂರಗಳನ್ನು ಕಡಿಮೆ ಖರ್ಚಿನಲ್ಲಿ ತಯಾರಿಸತೊಡಗಿದ್ದು ಇದರಲ್ಲಿ ದೊಡ್ಡ ಹೆಜ್ಜೆ.

ಇನ್ನು ಮಂದದೃಷ್ಟಿ. ಚಿಕಿತ್ಸೆ ಮುಗಿದು, ತಕ್ಕ ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನಲ್ಲಿ 6/18ಕ್ಕಿಂತ ಕಡಿಮೆ ಕಾಣುತ್ತಿದ್ದು, ಉಳಿದ ದೃಷ್ಟಿಯಿಂದ ಇನ್ನೂ ಕೆಲಸ ಮಾಡಿಕೊಳ್ಳಬಲ್ಲ ಸ್ಥಿತಿಗೆ ಈ ಹೆಸರು. 6/18 ಎಂದರೆ, ಒಳ್ಳೆಯ ಕಣ್ಣಿಗೆ 18 ಮೀಟರಿನಿಂದ ಕಾಣುವ ಅಕ್ಷರ ಇವರಿಗೆ 6 ಮೀಟರಿಗೆ ಬಂದಾಗ ಕಾಣುತ್ತದೆ ಎಂದರ್ಥ. ಓದುವ ಸಾಧನಗಳು ಬೇಕಾಗುವುದು ಮುಖ್ಯವಾಗಿ ಇಂಥವರಿಗೆ.

ಆದುದರಿಂದ ಮೊದಲ ಕೆಲಸ ತಪಾಸಣೆ. ಪೊರೆಯಿಂದ ಕಾಣದವರಿಗೆ ಭೂತಗನ್ನಡಿ ಕೊಡಿಸಿ ಕೂರಿಸುವುದು ಸರಿಯಲ್ಲ, ಅವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತವಾಗಿ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಗಳನ್ನು ಕಂಡರೆ ದಾರಿ ತಿಳಿಯುತ್ತದೆ.

ಯಾವ ರೋಗದಲ್ಲಿ ಹೇಗೆ ಕಾಣುತ್ತದೆ?

ಮಂದದೃಷ್ಟಿ ಎಲ್ಲರಲ್ಲೂ ಒಂದೇ ಬಗೆಯದಲ್ಲ. ಮನೆಯವರು ಇದನ್ನು ಅರಿತಿರುವುದು ಅವಶ್ಯ. ಇಲ್ಲವಾದರೆ ‘ದಾರಿಯಲ್ಲಿ ಬಿದ್ದ ಅಡಿಕೆ ಕಾಣುತ್ತದೆ, ಪೇಪರು ಮಾತ್ರ ಕಾಣುವುದಿಲ್ಲವಂತೆ’ ಎಂಬ ಕೊಂಕು ಮಾತು ಹಿರಿಯರ ಕಿವಿಗೆ ಬೀಳುತ್ತದೆ. ಅವರು ಹೇಳುವುದು ನಿಜವೇ ಇರುತ್ತದೆ.

ವಯಸ್ಸಿನಿಂದ ಅಕ್ಷಿಪಟದ ನಡುಭಾಗ ಸವೆಯುವ ರೋಗವೊಂದಿದೆ. ಇದರಲ್ಲಿ ನೇರವಾಗಿ ನೋಡಿದ ಜಾಗದಲ್ಲೇ ಕಪ್ಪು ಅಥವಾ ಮಸುಕು ಕಲೆ ಕೂರುತ್ತದೆ. ಎದುರು ನಿಂತವರ ಮುಖ ಕಾಣದು, ಓದುವ ಅಕ್ಷರ ಕಾಣದು. ಆದರೆ ಅಂಚಿನ ದೃಷ್ಟಿ ಉಳಿದಿರುವುದರಿಂದ ತೋಟದಲ್ಲಿ ಒಬ್ಬರೇ ಓಡಾಡಬಲ್ಲರು. ಓದುವ ಸಾಧನಗಳಿಂದ ಅತಿ ಹೆಚ್ಚು ಉಪಯೋಗ ಪಡೆಯುವವರು ಇವರೇ. ನೇರ ಗೆರೆಗಳು, ಬಾಗಿಲ ಚೌಕಟ್ಟು, ಕಿಟಕಿಯ ಸರಳು ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಈ ರೋಗದ ಒಂದು ಬಗೆಯಲ್ಲಿ ಕಣ್ಣಿಗೆ ಚುಚ್ಚುಮದ್ದು ಕೊಟ್ಟು ಹಾನಿಯನ್ನು ತಡೆಯಲು ಈಗ ಸಾಧ್ಯವಿದೆ, ಆದರೆ ಕಾಲ ಮೀರಿರಬಾರದು.

ಗ್ಲಾಕೋಮಾದಲ್ಲಿ ಇದಕ್ಕೆ ವಿರುದ್ಧ. ಅಂಚಿನ ದೃಷ್ಟಿ ಮೆಲ್ಲಗೆ ಹೋಗಿ ನಡುವಿನದು ಉಳಿಯುತ್ತದೆ, ಕೊಳವೆಯೊಳಗಿಂದ ನೋಡಿದಂತೆ. ಅಕ್ಷರ ಕಾಣುತ್ತದೆ, ಮುಂದಿನ ಸಾಲು ಎಲ್ಲಿದೆಯೆಂದು ಸಿಗುವುದಿಲ್ಲ. ಇಂಥವರಿಗೆ ಅಕ್ಷರವನ್ನು ಬಹಳ ದೊಡ್ಡದು ಮಾಡಿದರೆ ಇನ್ನಷ್ಟು ತೊಂದರೆಯೇ, ಏಕೆಂದರೆ ಉಳಿದ ಕಿಂಡಿಯೊಳಗೆ ಒಂದೆರಡು ಅಕ್ಷರ ಮಾತ್ರ ಹಿಡಿಸುತ್ತವೆ. ಬೆಳಕು ಮತ್ತು ಸಾಲು ಹಿಡಿಯುವ ಪಟ್ಟಿ ಇವರಿಗೆ ಹೆಚ್ಚು ಪ್ರಯೋಜನಕಾರಿ.

ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಕೆಟ್ಟವರಿಗೆ ಅಲ್ಲಲ್ಲಿ ಕಲೆ ಬಿದ್ದಂತೆ ಕಾಣುತ್ತದೆ, ಮತ್ತು ದಿನದಿಂದ ದಿನಕ್ಕೆ ಅದು ಬದಲಾಗುವುದೂ ಉಂಟು. ಸಕ್ಕರೆ ಕಾಯಿಲೆಯಿರುವ ಪ್ರತಿಯೊಬ್ಬರೂ, ಕಣ್ಣು ಚೆನ್ನಾಗಿ ಕಂಡರೂ ಸಹ, ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಬಿಟ್ಟು ಅಕ್ಷಿಪಟವನ್ನು ಪರೀಕ್ಷೆ ಮಾಡಿಸತಕ್ಕದ್ದು.

ಹಿರಿದಾಗಿಸುವ ಲೆಕ್ಕ

ಅಕ್ಷರವನ್ನು ದೊಡ್ಡದಾಗಿ ಕಾಣಿಸಲು ಮೂರು ದಾರಿಗಳಿವೆ: ಅಕ್ಷರವನ್ನೇ ದೊಡ್ಡದಾಗಿ ಬರೆಯುವುದು, ಕಾಗದವನ್ನು ಹತ್ತಿರ ತರುವುದು, ಮಸೂರದಿಂದ ನೋಡುವುದು. ಒಂದು ಗೇಣು ದೂರವಿದ್ದ ಕಾಗದವನ್ನು ಅರ್ಧ ಗೇಣಿಗೆ ತಂದರೆ ಅಕ್ಷರ ಕಣ್ಣಿನೊಳಗೆ ಎರಡರಷ್ಟು ದೊಡ್ಡದಾಗುತ್ತದೆ. ಆದರೆ ವಯಸ್ಸಾದ ಕಣ್ಣು ಅಷ್ಟು ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯಲಾರದು. ಆ ಕೆಲಸವನ್ನು ಮಸೂರ ಮಾಡಿಕೊಡುತ್ತದೆ.

ಮಸೂರದ ಶಕ್ತಿಯನ್ನು ಡಯಾಪ್ಟರಿನಲ್ಲಿ ಅಳೆಯುತ್ತಾರೆ. ನೂರನ್ನು ಡಯಾಪ್ಟರಿನಿಂದ ಭಾಗಿಸಿದರೆ ಕಾಗದ ಎಷ್ಟು ಸೆಂಟಿಮೀಟರ್ ದೂರದಲ್ಲಿರಬೇಕೆಂದು ತಿಳಿಯುತ್ತದೆ. 4 ಡಯಾಪ್ಟರಿಗೆ 25 ಸೆಂ.ಮೀ., 10ಕ್ಕೆ 10 ಸೆಂ.ಮೀ., 20ಕ್ಕೆ 5 ಸೆಂ.ಮೀ. ಇನ್ನು ಡಯಾಪ್ಟರನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಪಟ್ಟು ಹಿರಿದಾಗುತ್ತದೆ ಎಂಬ ಅಂದಾಜು ಸಿಗುತ್ತದೆ. 10 ಡಯಾಪ್ಟರಿನ ಮಸೂರ ಎರಡೂವರೆ ಪಟ್ಟು, 20ರದ್ದು ಐದು ಪಟ್ಟು.

ಎಷ್ಟು ಶಕ್ತಿಯ ಮಸೂರದಿಂದ ಪರೀಕ್ಷೆ ಆರಂಭಿಸಬೇಕೆಂಬುದಕ್ಕೂ ತಜ್ಞರಲ್ಲಿ ಸರಳ ಲೆಕ್ಕವಿದೆ. ದೃಷ್ಟಿ 6/60 ಇದ್ದವರಿಗೆ 60ನ್ನು 6ರಿಂದ ಭಾಗಿಸಿ ಸುಮಾರು 10 ಡಯಾಪ್ಟರಿನಿಂದ ಶುರುಮಾಡಿ, ಬೇಕಾದಂತೆ ಹೆಚ್ಚು ಕಡಿಮೆ ಮಾಡುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಶಕ್ತಿ ಹೆಚ್ಚಿದಷ್ಟೂ ಮಸೂರ ಚಿಕ್ಕದಾಗುತ್ತದೆ, ಒಮ್ಮೆಗೆ ಕಾಣುವ ಅಕ್ಷರಗಳೂ ಕಡಿಮೆಯಾಗುತ್ತವೆ. ತಟ್ಟೆಯಷ್ಟು ಅಗಲದ ಗಾಜಿನ ಮೇಲೆ ‘ಹತ್ತು ಪಟ್ಟು’ ಎಂದು ಬರೆದು ಸಂತೆಯಲ್ಲಿ ಮಾರುವುದನ್ನು ನಂಬಬಾರದು. ಓದಲು ಸಾಕಾಗುವಷ್ಟು ಮಾತ್ರ ಶಕ್ತಿಯಿರಲಿ, ಅದಕ್ಕಿಂತ ಹೆಚ್ಚು ಬೇಡ.

ಸಾಧನಗಳ ಪರಿಚಯ

ಹೆಚ್ಚು ಶಕ್ತಿಯ ಓದುವ ಕನ್ನಡಕ: ನೋಡಲು ಸಾಮಾನ್ಯ ಕನ್ನಡಕದಂತೆಯೇ ಇರುತ್ತದೆ, ಎರಡು ಕೈಗಳೂ ಬಿಡುವಾಗಿರುತ್ತವೆ. ಆದರೆ ಕಾಗದವನ್ನು ಮೂಗಿನ ಹತ್ತಿರಕ್ಕೇ ತರಬೇಕು. 10 ಡಯಾಪ್ಟರಿನ ಕನ್ನಡಕ ಹಾಕಿ ಪೇಪರನ್ನು ಕೈಯಳತೆ ದೂರದಲ್ಲಿ ಹಿಡಿದು ‘ಇದು ಏನೂ ಪ್ರಯೋಜನವಿಲ್ಲ’ ಎಂದು ಪೆಟ್ಟಿಗೆಯಲ್ಲಿಟ್ಟವರು ಅನೇಕರಿದ್ದಾರೆ. ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಹಾಗೇನೂ ಇಲ್ಲ. ದಣಿವಾಗಬಹುದು, ಕೆಡುವುದಿಲ್ಲ.

ಹಿಡಿಕೆಯ ಭೂತಗನ್ನಡಿ: ಎಲ್ಲರಿಗೂ ಪರಿಚಿತವಾದದ್ದು. ಜೇಬಿನಲ್ಲಿ ಹೋಗುತ್ತದೆ. ಬೆಲೆ ನೋಡಲು, ಚೀಟಿ ಓದಲು, ಫೋನ್ ನಂಬರು ಹುಡುಕಲು ಉತ್ತಮ. ಉಪಯೋಗಿಸುವ ಕ್ರಮ ಹೀಗೆ: ಗಾಜನ್ನು ಮೊದಲು ಕಾಗದದ ಮೇಲೇ ಇಟ್ಟು, ಅಕ್ಷರ ದೊಡ್ಡದಾಗಿ ಸ್ಪಷ್ಟವಾಗುವ ತನಕ ಮೆಲ್ಲಗೆ ಮೇಲೆತ್ತಬೇಕು. ಆ ದೂರದಲ್ಲಿ ಕೈಯನ್ನು ಅಲ್ಲಾಡದಂತೆ ಹಿಡಿದು, ಕಣ್ಣನ್ನು ಗಾಜಿನ ಹತ್ತಿರ ತಂದರೆ ಹೆಚ್ಚು ಅಕ್ಷರ ಕಾಣುತ್ತವೆ. ಕೈ ನಡುಗುವವರಿಗೆ ಇದು ಕಷ್ಟ.

ಕಾಲುಳ್ಳ ಭೂತಗನ್ನಡಿ: ಕೈ ನಡುಗುವವರಿಗೆ ಇದೇ ಸೂಕ್ತ. ಕಾಗದದ ಮೇಲೆ ಇಟ್ಟು ಸಾಲಿನುದ್ದಕ್ಕೂ ಸರಿಸುತ್ತಾ ಹೋದರಾಯಿತು, ದೂರವನ್ನು ಕಾಲುಗಳೇ ಕಾಯುತ್ತವೆ. ಒಳಗೇ ಎಲ್‌ಇಡಿ ದೀಪವಿರುವವೂ ಸಿಗುತ್ತವೆ. ಸಾಮಾನ್ಯವಾಗಿ ಇದನ್ನು ಉಪಯೋಗಿಸುವಾಗ ಓದುವ ಕನ್ನಡಕ ಹಾಕಿಕೊಂಡಿರಬೇಕು. ಇದನ್ನು ಮಾರುವವರು ಹೇಳುವುದಿಲ್ಲ.

ಗುಮ್ಮಟದಾಕಾರದ ಗಾಜು ಮತ್ತು ಪಟ್ಟಿ ಗಾಜು: ಅರ್ಧ ಕತ್ತರಿಸಿದ ನಿಂಬೆಹಣ್ಣಿನಂತಿರುವ ಗುಮ್ಮಟ ಗಾಜನ್ನು ಕಾಗದಕ್ಕೆ ಮುಟ್ಟಿಸಿಯೇ ಇಡುವುದು. ಸುತ್ತಲಿನ ಬೆಳಕನ್ನು ಒಳಗೆ ಸೇರಿಸಿಕೊಳ್ಳುವುದರಿಂದ ಅಕ್ಷರ ಬೆಳಗಿದಂತೆ ಕಾಣುತ್ತದೆ. ಪಟ್ಟಿ ಗಾಜು ಅಡಿಪಟ್ಟಿಯಂತೆ ಉದ್ದವಾಗಿದ್ದು ಒಂದು ಸಾಲನ್ನು ಪೂರ್ತಿ ತೋರಿಸುತ್ತದೆ. ಇವೆರಡರ ಶಕ್ತಿ ಕಡಿಮೆ, ಸುಮಾರು ಎರಡು ಪಟ್ಟಿನಷ್ಟು. ಮಂದದೃಷ್ಟಿಯ ಆರಂಭದಲ್ಲಿರುವವರಿಗೆ ಸಾಕು.

ದೂರದರ್ಶಕದ ಕನ್ನಡಕ: ಬಸ್ಸಿನ ಬೋರ್ಡು, ಮಹಾಸಭೆಯ ವೇದಿಕೆ ಮುಂತಾದ ದೂರದವನ್ನು ನೋಡಲು. ಕುಳಿತು ಅಥವಾ ನಿಂತು ಉಪಯೋಗಿಸಬೇಕೇ ಹೊರತು ಇದನ್ನು ಹಾಕಿಕೊಂಡು ನಡೆಯಬಾರದು.

ವಿದ್ಯುತ್ ಸಾಧನ: ಕಾಗದದ ಮೇಲೆ ಕ್ಯಾಮರಾ ಇಟ್ಟು ಅಕ್ಷರವನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಯಂತ್ರ. ತಾವೇ ಮಂದದೃಷ್ಟಿಯವರಾಗಿದ್ದ ಸ್ಯಾಮ್ಯುಯೆಲ್ ಜೆನೆನ್ಸ್ಕಿ ಎಂಬ ಗಣಿತಜ್ಞರು 1960ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಂದಿಗೆ ಇದನ್ನು ರೂಪಿಸಿದರು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾಗಿ ತಿರುಗಿಸಿ ತೋರಿಸುವುದು ಇದರ ವಿಶೇಷ. ಕಣ್ಣು ಕೋರೈಸುವವರಿಗೆ ಇದರಿಂದ ಬಹಳ ಆರಾಮ. ಬೆಲೆ ಹೆಚ್ಚು. ಆದರೆ ಇದೇ ಕೆಲಸದ ಒಂದು ಪಾಲನ್ನು ಈಗ ಜೇಬಿನಲ್ಲಿರುವ ಫೋನೇ ಮಾಡುತ್ತದೆ. ಅದನ್ನು ಮುಂದೆ ಹೇಳಿದೆ.

ಎಚ್ಚರಿಕೆ: ಭೂತಗನ್ನಡಿಯನ್ನು ಬಿಸಿಲು ಬೀಳುವ ಜಗಲಿಯ ಮೇಲೆ ಬಿಟ್ಟು ಹೋಗಬಾರದು. ಬಿಸಿಲು ಒಂದೆಡೆ ಸೇರಿ ಕಾಗದಕ್ಕೋ, ಒಣಹುಲ್ಲಿಗೋ, ಅಡಿಕೆ ಸೋಗೆಗೋ ಬೆಂಕಿ ಹಿಡಿಯಬಹುದು. ಕೆಲಸವಾದ ಕೂಡಲೇ ಬಟ್ಟೆಯ ಚೀಲದಲ್ಲಿಡಿ.

ಬೆಳಕು ಮತ್ತು ವ್ಯಾಸಪೀಠ

ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲಪುವುದರ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಮಲೆನಾಡಿನ ನಮ್ಮ ಮನೆಗಳೋ ಮಳೆಗಾಲದ ನಾಲ್ಕು ತಿಂಗಳು ಹಗಲಲ್ಲೂ ಮಬ್ಬು. ಮಾಡಿಗೆ ತೂಗುಹಾಕಿದ ಒಂದು ಬಲ್ಬಿನ ಕೆಳಗೆ ಕುಳಿತು ‘ಅಕ್ಷರ ಕಾಣುವುದಿಲ್ಲ’ ಎಂದರೆ ಅದು ಕಣ್ಣಿನ ದೋಷವೊಂದೇ ಅಲ್ಲ.

ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಮಾಡಿನಲ್ಲಿ ದೊಡ್ಡ ಬಲ್ಬು ಹಾಕುವುದಕ್ಕಿಂತ, ಬಗ್ಗಿಸಬಲ್ಲ ಕತ್ತಿನ ಮೇಜುದೀಪವನ್ನು ಕಾಗದದಿಂದ ಒಂದೂವರೆ ಎರಡು ಗೇಣು ದೂರದಲ್ಲಿಡುವುದು ಲಾಭ. 9 ವ್ಯಾಟಿನ ಎಲ್‌ಇಡಿ ಬಲ್ಬು ಧಾರಾಳವಾಯಿತು. ದೀಪ ಪಕ್ಕದಿಂದ ಬರಲಿ, ಬರೆಯುವವರಿಗೆ ಬರೆಯುವ ಕೈಯ ಎದುರು ಪಕ್ಕದಿಂದ. ಬಲ್ಬು ಕಣ್ಣಿಗೆ ನೇರ ಕಾಣಬಾರದು. ಕರೆಂಟು ಹೋಗುವ ನಮ್ಮ ಕಡೆ ಚಾರ್ಜು ಮಾಡುವ ದೀಪವೊಂದು ಓದುವ ಜಾಗದಲ್ಲೇ ಇರಲಿ. ಹಗಲಲ್ಲಿ ಕಿಟಕಿಗೆ ಬೆನ್ನು ಅಥವಾ ಪಕ್ಕ ಕೊಟ್ಟು ಕುಳಿತುಕೊಳ್ಳಬೇಕು, ಮುಖಮಾಡಿ ಅಲ್ಲ. ಬಿಸಿಲಿಗೆ ಹೊರಡುವಾಗ ಅಂಚಿನ ಟೋಪಿ ಹಾಕಿದರೆ ಕೋರೈಸುವುದು ಕಡಿಮೆಯಾಗುತ್ತದೆ.

ಕಾಗದವನ್ನು ಹತ್ತಿರ ಹಿಡಿದು ಬಗ್ಗಿ ಓದಿದರೆ ಹತ್ತು ನಿಮಿಷದಲ್ಲಿ ಕತ್ತು ನೋಯುತ್ತದೆ. ಇದಕ್ಕಾಗಿಯೇ ಪೇಟೆಯಲ್ಲಿ ಓದುವ ಸ್ಟ್ಯಾಂಡುಗಳನ್ನು ಮಾರುತ್ತಾರೆ. ನಮ್ಮ ಹಲವು ಮನೆಗಳ ಅಟ್ಟದಲ್ಲಿ ಪುರಾಣ ಓದುತ್ತಿದ್ದ ಕಾಲದ ವ್ಯಾಸಪೀಠ ಧೂಳು ಹಿಡಿದು ಕೂತಿದೆ. ಅದನ್ನು ಇಳಿಸಿ ಮೇಜಿನ ಮೇಲಿಟ್ಟರೆ ಸಾಕು. ಪುಸ್ತಕ ತಾನೇ ಮೇಲೆದ್ದು ಕಣ್ಣಿನ ಹತ್ತಿರ ಬರುತ್ತದೆ, ಬೆನ್ನು ನೇರ ಉಳಿಯುತ್ತದೆ.

ಖರ್ಚಿಲ್ಲದ ಉಪಾಯಗಳು

ಕಪ್ಪು ರಟ್ಟಿನ ಕಿಂಡಿ: ಒಂದು ಕಪ್ಪು ರಟ್ಟಿನಲ್ಲಿ ಒಂದೆರಡು ಸಾಲು ಹಿಡಿಸುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ ಪುಟದ ಮೇಲಿಡಬೇಕು. ಬಿಳಿ ಕಾಗದದ ಹೊಳಪು ಮುಚ್ಚಿಹೋಗಿ ಬೇಕಾದ ಸಾಲು ಮಾತ್ರ ಎದ್ದು ಕಾಣುತ್ತದೆ. ಸಾಲು ತಪ್ಪುವುದಿಲ್ಲ.

ಸಹಿಯ ಕಿಂಡಿ: ಅದೇ ರೀತಿ 8 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ಕಿಂಡಿಯನ್ನು ಗಟ್ಟಿ ರಟ್ಟಿನಲ್ಲಿ ಮಾಡಿಟ್ಟುಕೊಂಡರೆ ಸಹಿ ಗೆರೆಯ ಮೇಲೇ ನಿಲ್ಲುತ್ತದೆ. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಲ್ಲಿ ಚೆಕ್ಕು ಹಿಂದೆ ಬರುವುದೂ ತಪ್ಪುತ್ತದೆ.

ಬರೆಯಲು ನೀಲಿ ಬಾಲ್‌ಪೆನ್ನಿಗಿಂತ ದಪ್ಪ ತುದಿಯ ಕಪ್ಪು ಪೆನ್ನು ಒಳ್ಳೆಯದು. ಮನೆಯವರು ಹಿರಿಯರಿಗಾಗಿ ಬರೆದಿಡುವ ಫೋನ್ ನಂಬರು, ಔಷಧಿಯ ವೇಳೆ ಎಲ್ಲವನ್ನೂ ಇದರಲ್ಲಿ ಬರೆಯಬೇಕು. 1 ಮತ್ತು 7, 3 ಮತ್ತು 8 ಒಂದರಂತೆ ಒಂದು ಕಾಣದ ಹಾಗೆ ಬಿಡಿಸಿ ಬರೆಯಬೇಕು. ನಮ್ಮ ಕನ್ನಡ ಲಿಪಿಗೆ ಇನ್ನೊಂದು ಕಷ್ಟವಿದೆ. ‘ದ’ಕ್ಕೂ ‘ಧ’ಕ್ಕೂ ಒಂದು ಸಣ್ಣ ಗೆರೆಯ ವ್ಯತ್ಯಾಸ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತ ಚಿಕ್ಕವು. ಮೇಲಿನ ಅಕ್ಷರ ಕಂಡರೂ ಕೆಳಗಿನ ಒತ್ತು ಕಾಣದೆ ಪದ ತಪ್ಪಿಹೋಗುತ್ತದೆ. ಆದುದರಿಂದ ಮಸೂರವನ್ನು ಆರಿಸುವಾಗ ಇಂಗ್ಲಿಷ್ ಅಕ್ಷರದ ಹಲಗೆಯೊಂದನ್ನೇ ನೆಚ್ಚದೆ, ತಾವು ದಿನವೂ ಓದುವ ಕನ್ನಡ ಪೇಪರನ್ನೂ ಸಂಘದ ಪಾಸ್ ಪುಸ್ತಕವನ್ನೂ ಜೊತೆಗೆ ಒಯ್ದು ಓದಿ ನೋಡಬೇಕು.

ಅಭ್ಯಾಸ ಮುಖ್ಯ

ಸಾಧನ ತಂದ ದಿನವೇ ಹಳೆಯಂತೆ ಓದಲು ಬರುವುದಿಲ್ಲ. ದಿನಕ್ಕೆ ಎರಡು ಮೂರು ಬಾರಿ ಹತ್ತು ಹತ್ತು ನಿಮಿಷ, ಮೊದಲು ತಲೆಬರಹಗಳು, ಆಮೇಲೆ ಸಣ್ಣ ಸಾಲುಗಳು, ಹೀಗೆ ಕೆಲವು ವಾರ ರೂಢಿ ಮಾಡಬೇಕು. ಅಕ್ಷಿಪಟದ ನಡುಭಾಗ ಸವೆದವರು ಅಕ್ಷರವನ್ನು ನೇರವಾಗಿ ನೋಡದೆ ಸ್ವಲ್ಪ ಮೇಲೆ, ಕೆಳಗೆ ಅಥವಾ ಪಕ್ಕಕ್ಕೆ ದೃಷ್ಟಿ ಇಟ್ಟು, ಎಲ್ಲಿಟ್ಟಾಗ ಅಕ್ಷರ ಸ್ಪಷ್ಟವಾಗುತ್ತದೆಂದು ಹುಡುಕಿಕೊಳ್ಳಬೇಕು. ಮಾತನಾಡುವಾಗಲೂ ಅವರು ಎದುರಿನವರ ಮುಖ ಬಿಟ್ಟು ಪಕ್ಕಕ್ಕೆ ನೋಡಿದಂತೆ ಕಾಣುತ್ತದೆ. ಅದು ಅಲಕ್ಷ್ಯವಲ್ಲ, ಅವರು ನಿಮ್ಮನ್ನು ನೋಡುವ ಕ್ರಮವೇ ಅದು.

ಇದೇ ಸಂದರ್ಭದಲ್ಲಿ ಮನೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ದೃಷ್ಟಿ ಬಹಳ ಕುಂದಿದ ಕೆಲವು ಹಿರಿಯರಿಗೆ ಇಲ್ಲದ ದೃಶ್ಯಗಳು ಕಾಣುತ್ತವೆ. ಅಂಗಳದಲ್ಲಿ ಮಕ್ಕಳು ನಿಂತಂತೆ, ಗೋಡೆಯ ಮೇಲೆ ಬಳ್ಳಿ ಹಬ್ಬಿದಂತೆ, ಅಪರಿಚಿತರು ಸುಮ್ಮನೆ ನಡೆದುಹೋದಂತೆ. ಜಿನೀವಾದ ಚಾರ್ಲ್ಸ್ ಬಾನೆ ಎಂಬ ವಿದ್ವಾಂಸರು ತಮ್ಮ ವೃದ್ಧ ಅಜ್ಜನಿಗೆ ಹೀಗಾದುದನ್ನು 1760ರಲ್ಲೇ ಬರೆದಿಟ್ಟರು, ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನೋಡಲು ಏನೂ ಸಿಗದ ಮಿದುಳು ತಾನೇ ಚಿತ್ರ ಕಟ್ಟುವುದು ಇದರ ಕಾರಣ. ಇದರಲ್ಲಿ ಶಬ್ದವಿರುವುದಿಲ್ಲ, ಅದು ನಿಜವಲ್ಲವೆಂದು ನೋಡುವವರಿಗೂ ತಿಳಿದಿರುತ್ತದೆ. ಆದರೆ ಬುದ್ಧಿ ಕೆಟ್ಟಿತೆಂದಾರು ಎಂಬ ಹೆದರಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೇಳಿದರೂ ನಮ್ಮಲ್ಲಿ ಪ್ರಶ್ನೆ ಇಡಿಸಲು ಓಡುತ್ತಾರೆ. ಕಣ್ಣಿನ ವೈದ್ಯರಿಗೆ ತಿಳಿಸಿ, ಬೇರೆ ಕಾರಣವಿಲ್ಲವೆಂದು ಖಚಿತ ಮಾಡಿಕೊಂಡು, ಹಿರಿಯರಿಗೆ ಧೈರ್ಯ ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಫೋನಿನ ನೆರವು

ಮಕ್ಕಳು ಕಳಿಸಿಕೊಟ್ಟ ಸ್ಮಾರ್ಟ್‌ಫೋನು ಈಗ ಬಹುತೇಕ ಮನೆಗಳಲ್ಲಿದೆ. ಅದರ ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಬಹುದು, ಪರದೆಯನ್ನು ಕಪ್ಪಾಗಿಸಿ ಅಕ್ಷರವನ್ನು ಬಿಳಿಯಾಗಿಸಬಹುದು, ಕ್ಯಾಮರಾವನ್ನೇ ಭೂತಗನ್ನಡಿಯಾಗಿ ಬಳಸಬಹುದು. ಚೀಟಿಯ ಫೋಟೋ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿ ಓದುವುದು ಎಲ್ಲಕ್ಕಿಂತ ಸುಲಭ. ಮುದ್ರಿತ ಕನ್ನಡ ಅಕ್ಷರಗಳನ್ನು ಗುರುತಿಸಿ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಗಳೂ ಬಂದಿವೆ. ಕೈಬರಹದಲ್ಲಿ ಅವು ಎಡವುತ್ತವೆ. ಆದುದರಿಂದ ಮೊತ್ತ, ದಿನಾಂಕಗಳನ್ನು ಅದರ ಮಾತಿನ ಮೇಲೆಯೇ ನಂಬಬಾರದು. ಊರಿಗೆ ಬಂದ ಮಕ್ಕಳು, ಮೊಮ್ಮಕ್ಕಳು ಒಂದು ಸಂಜೆ ಕುಳಿತು ಇವನ್ನು ಸರಿಮಾಡಿಕೊಟ್ಟು, ಹಿರಿಯರ ಕೈಯಿಂದಲೇ ನಾಲ್ಕು ಸಲ ಮಾಡಿಸಿ ಹೋಗಬೇಕು.

ನೋಟು ಗುರುತಿಸಲು ಭಾರತೀಯ ರಿಸರ್ವ್ ಬ್ಯಾಂಕು 2020ರಲ್ಲಿ ‘ಮಣಿ’ ಎಂಬ ಆ್ಯಪನ್ನು ಹೊರತಂದಿತು. ಫೋನನ್ನು ನೋಟಿನ ಮೇಲೆ ಹಿಡಿದರೆ ಎಷ್ಟು ರೂಪಾಯಿಯೆಂದು ಹೇಳುತ್ತದೆ. ಫೋನಿಲ್ಲದಿದ್ದರೂ ಬೆರಳಿನಿಂದ ತಿಳಿಯಬಹುದು. ಹೊಸ ನೋಟುಗಳ ಎಡ ಬಲ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ಸೊನ್ನೆ, 500ಕ್ಕೆ ಐದು. ಉದ್ದದಲ್ಲಿಯೂ 100ರದ್ದು 142 ಮಿ.ಮೀ., 200ರದ್ದು 146, 500ರದ್ದು 150. ಕೊಯ್ಲಿನ ಕಾಲದಲ್ಲಿ ವಾರದ ಬಟವಾಡೆ ಮಾಡುವವರಿಗೆ ಇದು ಉಪಯುಕ್ತ. ನೋಟು ಹಳತಾದಂತೆ ಉಬ್ಬು ಸವೆಯುತ್ತದೆಂಬುದನ್ನೂ ಮರೆಯಬಾರದು.

ತೋಟದ ಔಷಧಿಯ ಲೇಬಲು

ಬೆಳೆಗಾರರಾದ ನಾವು ವಿಶೇಷ ಗಮನ ಕೊಡಬೇಕಾದದ್ದು ಇದಕ್ಕೆ. ಸಿಂಪರಣೆಯ ಔಷಧಿಗಳ ಡಬ್ಬದ ಮೇಲಿನ ಅಕ್ಷರ ಕಣ್ಣು ಚೆನ್ನಾಗಿದ್ದವರಿಗೂ ಕಷ್ಟ. ಲೀಟರಿಗೆ 0.5 ಮಿ.ಲೀ. ಎಂಬಲ್ಲಿ ಚುಕ್ಕೆ ಕಾಣದಿದ್ದರೆ 5 ಆಗುತ್ತದೆ. ಕೀಟನಾಶಕ ನಿಯಮಗಳು, 1971ರ ಪ್ರಕಾರ ಪ್ರತಿ ಡಬ್ಬದ ಮೇಲೂ ವಜ್ರಾಕೃತಿಯ ಗುರುತಿದ್ದು, ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಹಸಿರು ಎಂಬ ಕ್ರಮ. ಆದರೆ ವಯಸ್ಸಾದ ಕಣ್ಣಿನ ಮಸೂರ ಹಳದಿಯಾಗುವುದರಿಂದ ನೀಲಿ ಮತ್ತು ಹಸಿರಿನ ವ್ಯತ್ಯಾಸ ಹಿರಿಯರಿಗೆ ಸರಿಯಾಗಿ ತಿಳಿಯುವುದಿಲ್ಲ. ಬಣ್ಣವೊಂದನ್ನೇ ನಂಬಬಾರದು.

ಕೊಳ್ಳುವಾಗಲೇ ಅಂಗಡಿಯವರಿಂದ ಓದಿಸಿ, ಔಷಧಿಯ ಹೆಸರು, ಲೀಟರಿಗೆ ಎಷ್ಟು ಎಂಬುದನ್ನು ದಪ್ಪ ಕಪ್ಪು ಪೆನ್ನಿನಿಂದ ಬಿಳಿ ಚೀಟಿಯಲ್ಲಿ ಬರೆಸಿ, ಲೇಬಲು ಮುಚ್ಚದ ಹಾಗೆ ಡಬ್ಬಕ್ಕೆ ಅಂಟಿಸಿಡಬೇಕು. ಅಳತೆಯ ಲೋಟದಲ್ಲಿ ಬೇಕಾದ ಗೆರೆಗೆ ಬಣ್ಣದ ಟೇಪು ಸುತ್ತಬೇಕು. ಬೋರ್ಡೋ ದ್ರಾವಣಕ್ಕೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣಗಳನ್ನು ಮೊದಲೇ ತೂಗಿ ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟರೆ 100 ಲೀಟರಿನ ಪೀಪಾಯಿಗೆ ಹಾಕುವಾಗ ತಕ್ಕಡಿಯ ಮುಳ್ಳನ್ನು ನೋಡುವ ಪ್ರಮೇಯವಿಲ್ಲ. ಯಾವ ಔಷಧಿಯನ್ನೂ ಬೇರೆ ಸೀಸೆಗೆ ಸುರಿದಿಡಬಾರದು. ಕಣ್ಣಿಗೆ ಬಿಡುವ ಹನಿಯ ಸಣ್ಣ ಸೀಸೆಗಳೂ ನೋಡಲು ಒಂದೇ ತೆರನಾಗಿರುತ್ತವೆ. ಅದರಲ್ಲೊಂದಕ್ಕೆ ರಬ್ಬರ್ ಬಳೆ ಹಾಕಿದರೆ ಕೈಗೇ ಗುರುತು ಸಿಗುತ್ತದೆ.

ಎಲ್ಲಿ ಪಡೆಯುವುದು?

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ಮುಂದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಸರ್ಕಾರದ್ದೇ ಆಗಿದೆ. ವೈದ್ಯಕೀಯ ಕಾಲೇಜುಗಳ ಮತ್ತು ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಹೋದಾಗ ‘ಮಂದದೃಷ್ಟಿಗೆ ಪ್ರತ್ಯೇಕ ವಿಭಾಗವಿದೆಯೇ?’ ಎಂದು ಬಾಯಿಬಿಟ್ಟು ಕೇಳಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ‘ಲೋ ವಿಷನ್’ ಎನ್ನುತ್ತಾರೆ. ಬೇರೆ ಬೇರೆ ಸಾಧನಗಳನ್ನು ಕೈಗೆ ಕೊಟ್ಟು, ಓದಿಸಿ ನೋಡಿ ಆರಿಸುವುದು ಅಲ್ಲಿ ಮಾತ್ರ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಅಂಧತ್ವದ ಜೊತೆಗೆ ಮಂದದೃಷ್ಟಿಯೂ ಸೇರಿದೆ. ವೈದ್ಯರು ಶೇಕಡಾ 40 ಅಥವಾ ಹೆಚ್ಚಿನ ಪ್ರಮಾಣವೆಂದು ದೃಢೀಕರಿಸಿದರೆ ಗುರುತಿನ ಚೀಟಿ ಪಡೆದು, ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ವಯಸ್ಸಾದವರಿಗೆ ಇದೆಲ್ಲ ಯಾಕೆಂದು ಬಿಡುವುದು ಬೇಡ.

ಸಂಘ ಏನು ಮಾಡಬಹುದು?

ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಓದಿ ಹೇಳಲಾಗಿ ಕೇಳಿ ಒಪ್ಪಿದೆ’ ಎಂದು ಬರೆಯುವ ಪದ್ಧತಿ ಇತ್ತು. ಈಗ ಅದು ಅನೇಕ ಕಡೆ ಬರಿಯ ಬರಹವಾಗಿ ಉಳಿದಿದೆ. ಸಹಕಾರ ಸಂಘವೆಂದರೆ ಸದಸ್ಯರದೇ ಸಂಸ್ಥೆ. ಸದಸ್ಯನೊಬ್ಬ ತಾನು ಓದಲಾರದ ಕಾಗದಕ್ಕೆ ನಮ್ಮದೇ ಮೇಜಿನ ಮುಂದೆ ಸಹಿ ಹಾಕುವಂತಾದರೆ ಅದು ನಮಗೆ ಶೋಭೆಯಲ್ಲ. ಆದುದರಿಂದ ಈ ಕೆಳಗಿನ ಸಲಹೆಗಳನ್ನು ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರಿದ್ದೇನೆ.

1. ಕಛೇರಿಯ ಮೇಜಿನಲ್ಲಿ ದೀಪವಿರುವ ಕಾಲುಳ್ಳ ಭೂತಗನ್ನಡಿ, ಒಂದು ಮೇಜುದೀಪ, ಸಹಿಯ ಕಿಂಡಿ ಮತ್ತು ದಪ್ಪ ಕಪ್ಪು ಪೆನ್ನು ಸದಸ್ಯರ ಉಪಯೋಗಕ್ಕೆ ಸದಾ ಇರತಕ್ಕದ್ದು.

2. ಕೇಳಿದ ಸದಸ್ಯರಿಗೆ ಖಾತೆಯ ವಿವರ ಮತ್ತು ತೂಕದ ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡತಕ್ಕದ್ದು. ಗಣಕಯಂತ್ರದಲ್ಲಿ ಇದಕ್ಕೆ ಹೆಚ್ಚಿನ ಖರ್ಚಿಲ್ಲ.

3. ಓದಲು ಕಷ್ಟವಿರುವ ಸದಸ್ಯರ ಸಾಲಪತ್ರವನ್ನು ಸಿಬ್ಬಂದಿ ಪೂರ್ತಿಯಾಗಿ ಗಟ್ಟಿಯಾಗಿ ಓದಿ ಹೇಳಿ, ಸದಸ್ಯರು ಬಯಸಿದ ಒಬ್ಬರ ಸಮ್ಮುಖದಲ್ಲಿಯೇ ಸಹಿ ಪಡೆಯತಕ್ಕದ್ದು. ಮನೆಗೆ ಒಯ್ದು ಓದಿಸಿಕೊಂಡು ಬರುತ್ತೇನೆಂದರೆ ಪ್ರತಿ ಕೊಡತಕ್ಕದ್ದು.

4. ಕೊಯ್ಲಿನ ಕೆಲಸ ಮುಗಿದ ಮೇಲೆ ವರ್ಷಕ್ಕೊಮ್ಮೆ, ಜಿಲ್ಲಾ ಆಸ್ಪತ್ರೆಯ ನೆರವಿನಿಂದ, ಸದಸ್ಯರಿಗೂ ತೋಟದ ಕೆಲಸಗಾರರಿಗೂ ಕಣ್ಣಿನ ತಪಾಸಣೆ ಏರ್ಪಡಿಸತಕ್ಕದ್ದು.

5. ಸಂಘದ ಮಾರಾಟ ಮಳಿಗೆಯಲ್ಲಿ ಕೊಂಡ ಪ್ರತಿ ಔಷಧಿಯ ಡಬ್ಬಕ್ಕೆ ಪ್ರಮಾಣವನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿ ಕೊಡತಕ್ಕದ್ದು.

ಇವುಗಳಲ್ಲಿ ಮೊದಲನೆಯದಕ್ಕೆ ಮತ್ತು ಐದನೆಯದಕ್ಕೆ ಮಹಾಸಭೆಯ ತನಕ ಕಾಯಬೇಕಾಗಿಲ್ಲವೆಂದು ಅಧ್ಯಕ್ಷರು ಒಪ್ಪಿರುವುದರಿಂದ ಈ ತಿಂಗಳಿನಿಂದಲೇ ಆರಂಭಿಸಿದೆ. ಉಳಿದವುಗಳ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕಾಗಿ ವಿನಂತಿ. ಬರೆಯಲು ಕಷ್ಟವಾದವರು ಕಛೇರಿಗೆ ಬಂದು ಹೇಳಿದರೂ ಸಾಕು, ಬರೆದುಕೊಂಡು ತಮಗೇ ಓದಿ ಹೇಳಿ ದಾಖಲಿಸುತ್ತೇವೆ. ಈ ಸಂಚಿಕೆಯನ್ನು ಕೈಗೆತ್ತಿಕೊಂಡ ಕಿರಿಯರು ಮನೆಯ ಹಿರಿಯರಿಗೆ ಈ ಲೇಖನವನ್ನು ಓದಿ ಹೇಳಬೇಕೆಂದೂ ಕೋರುತ್ತೇನೆ.